ಬಿಪಿ ಮಾತ್ರೆಗೆ ಶೇ 10ರ ಲೆಕ್ಕ ಸಾಲದು

ಮಾನ್ಯರೇ,

ಆಸ್ಪತ್ರೆಗಳು ಕಳೆದ ವರ್ಷ ಖರ್ಚಾದ ಮಾತ್ರೆಗಳಿಗೆ ಶೇ 10 ಸೇರಿಸಿ ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಹಾಕುವುದು ಸುಲಭ. ಆದರೆ ಚಳಿಯಲ್ಲಿ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ, ನಮ್ಮ ದಾವಣಗೆರೆಯ ಬೇಸಿಗೆಯಲ್ಲಿ ಇಳಿಯುತ್ತದೆ. ವರ್ಷದ ಒಟ್ಟು ಮೊತ್ತದಲ್ಲಿ ಈ ಏರಿಳಿತ ಕಾಣದು. ಜಿಲ್ಲಾ ಮಟ್ಟದ ಆಸ್ಪತ್ರೆಗಳು ತಿಂಗಳುವಾರು ಮುನ್ಸೂಚನೆ ಮಾಡಬೇಕು. ಸಂಖ್ಯಾಶಾಸ್ತ್ರಜ್ಞರಾದ ಬಾಕ್ಸ್ ಮತ್ತು ಜೆಂಕಿನ್ಸ್ 1970ರಲ್ಲಿ ವಿವರಿಸಿದ ಅರಿಮಾ ಎಂಬುದು ಹಿಂದಿನ ತಿಂಗಳುಗಳ ಅಂಕಿಗಳಿಂದ ಮುಂದಿನವನ್ನು ಅಂದಾಜಿಸುವ ಗಣಿತ ಮಾದರಿ. ಅದಕ್ಕೆ ಉಚಿತವಾಗಿ ಸಿಗುವ ಆರ್ ತಂತ್ರಾಂಶ ಸಾಕು.

ಕಷ್ಟವಿರುವುದು ಅಂಕಿಅಂಶದಲ್ಲಿ. ಕನಿಷ್ಠ 5 ವರ್ಷದ, ಅಂದರೆ 60 ತಿಂಗಳ ಲೆಕ್ಕ ಬೇಕು. 140/90 ದಾಟಿ ಹೊಸದಾಗಿ ಪತ್ತೆಯಾದವರನ್ನೂ ಮಾತ್ರೆಗೆಂದು ಮತ್ತೆ ಬರುವ ಹಳಬರನ್ನೂ ಬೇರೆಬೇರೆ ಎಣಿಸಬೇಕು. ಕೂಡಿಸಿದರೆ ಎರಡರ ಚಲನೆಯೂ ಮಸುಕಾಗುತ್ತದೆ. ಕೋವಿಡ್ ಕಾಲದ 2020–21ರ ಕುಸಿತವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಹಬ್ಬಗಳದ್ದು ಇನ್ನೊಂದು ತಕರಾರು: ದೀಪಾವಳಿ 2023ರಲ್ಲಿ ನವೆಂಬರಿಗೆ, 2025ರಲ್ಲಿ ಅಕ್ಟೋಬರಿಗೆ ಬಂತು. ರಜೆಯಿಂದ ಹೊರರೋಗಿಗಳು ಕಡಿಮೆಯಾದದ್ದನ್ನು 12 ತಿಂಗಳಿಗೊಮ್ಮೆ ಮರಳುವ ಏರಿಳಿತದ ಲೆಕ್ಕ ತಾನಾಗಿ ಹಿಡಿಯದು. ಹಬ್ಬದ ತಿಂಗಳಿಗೆ 1, ಉಳಿದವಕ್ಕೆ 0 ಎಂದು ಇನ್ನೊಂದು ಕಾಲಂ ಕೊಡಬೇಕು.

ಎಲ್ಲಕ್ಕಿಂತ ಮೋಸದ್ದು ಮಾತ್ರೆ ಮುಗಿದ ತಿಂಗಳು. ಔಷಧ ಇಲ್ಲವೆಂದು ಗೊತ್ತಾದರೆ ಹರಿಹರದಿಂದಲೋ ಜಗಳೂರಿನಿಂದಲೋ ಬಸ್ ಹಿಡಿದು ಬರುವವರು ಬರುವುದಿಲ್ಲ, ರಿಜಿಸ್ಟರಿನಲ್ಲಿ ಸಂಖ್ಯೆ ಇಳಿಯುತ್ತದೆ. ಮಾದರಿ ಅದನ್ನು ರೋಗಿಗಳೇ ಕಡಿಮೆಯಾದರು ಎಂದು ಓದಿ ಮುಂದಿನ ವರ್ಷ ಅದೇ ತಿಂಗಳಿಗೆ ಕಡಿಮೆ ಹೇಳುತ್ತದೆ. ಇಂಡೆಂಟ್ ತಗ್ಗುತ್ತದೆ, ಮಾತ್ರೆ ಮತ್ತೆ ಮುಗಿಯುತ್ತದೆ. ಸ್ಟಾಕ್ ರಿಜಿಸ್ಟರಿನಲ್ಲಿ ‘ದಾಸ್ತಾನು ಇಲ್ಲದ ದಿನಗಳು’ ಎಂಬ ಕಾಲಂ ಇದ್ದರೆ ಆ ತಿಂಗಳನ್ನು ಖಾಲಿ ಬಿಡಬಹುದು. ಸೊನ್ನೆ ಬರೆಯಬಾರದು. ನಡುವೆ ಒಂದೆರಡು ತಿಂಗಳು ಖಾಲಿಯಿದ್ದರೂ ಅರಿಮಾ ನಡೆಯುತ್ತದೆ.

ಕೊನೆಯ 12 ತಿಂಗಳನ್ನು ಮುಚ್ಚಿಟ್ಟು, ಹಿಂದಿನ ಅಂಕಿಗಳಿಂದ ಅವನ್ನು ಊಹಿಸಿ ನೋಡಬೇಕು. ‘ಹೋದ ವರ್ಷದ ಇದೇ ತಿಂಗಳಷ್ಟು’ ಎನ್ನುವ ಬಾಯಿಲೆಕ್ಕಕ್ಕಿಂತ ತಪ್ಪು ಕಡಿಮೆಯಾಗದಿದ್ದರೆ ಮಾದರಿ ಎಷ್ಟು ಚೆಂದವಿದ್ದರೂ ಬೇಡ.

ಇಂಡೆಂಟಿಗೆ ಮುನ್ಸೂಚನೆಯ ನಡುವಿನ ಅಂಕಿ ಹಿಡಿಯಬಾರದು, ವ್ಯಾಪ್ತಿಯ ಮೇಲಿನ ಅಂಚು ಹಿಡಿಯಬೇಕು. ಮುನ್ಸೂಚನೆ 400 ರೋಗಿಗಳು, ನಿಜ ಸಂಖ್ಯೆ ಇರಬಹುದಾದ ವ್ಯಾಪ್ತಿ 330ರಿಂದ 470 ಎಂದಿಟ್ಟುಕೊಳ್ಳಿ. ದಿನಕ್ಕೊಂದು ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಂತೆ 30 ದಿನಕ್ಕೆ 400ರ ಲೆಕ್ಕದಲ್ಲಿ 12,000 ಮಾತ್ರೆ, 470ರ ಲೆಕ್ಕದಲ್ಲಿ 14,100. ನಡುವಿನದ್ದನ್ನೇ ನಂಬಿದರೆ ಹೆಚ್ಚುಕಡಿಮೆ ಎರಡು ತಿಂಗಳಲ್ಲಿ ಒಂದು ತಿಂಗಳು ಕೊರತೆ. ಹೆಚ್ಚಾದದ್ದು ಹಾಳಾಗುವುದಿಲ್ಲ, ಮುಂದಿನ ತಿಂಗಳ ಇಂಡೆಂಟಿನಲ್ಲಿ ಕಳೆದರಾಯಿತು.

ಈ ಲೆಕ್ಕ ಆಸ್ಪತ್ರೆಗೆ ಬರುವವರದ್ದು ಮಾತ್ರ. ಬಿಪಿ ನೋವು ಕೊಡದ ಕಾಯಿಲೆಯಾದ್ದರಿಂದ ಬಾರದೆ ಉಳಿದವರು ಬಹಳ. ಹಳ್ಳಿಗಳಲ್ಲಿ ತಪಾಸಣಾ ಶಿಬಿರ ನಡೆದರೆ ಮರುತಿಂಗಳೇ ಹೊಸಬರ ಸಾಲು ಉದ್ದವಾಗುತ್ತದೆ. ಆದ್ದರಿಂದ ಶಿಬಿರದ ದಿನಾಂಕಗಳನ್ನು ಔಷಧ ಉಗ್ರಾಣಕ್ಕೆ ಮುಂಚೆಯೇ ತಿಳಿಸಬೇಕು, ಮೂರು ತಿಂಗಳಿಗೊಮ್ಮೆ ಮಾದರಿಯನ್ನು ಹೊಸ ಅಂಕಿಗಳೊಂದಿಗೆ ಮತ್ತೆ ಕೂರಿಸಬೇಕು.

– ಸಂಖ್ಯಾಶಾಸ್ತ್ರ ಅಧ್ಯಾಪಕರು, ದಾವಣಗೆರೆ