ದಾಲ್ ಮಿಲ್, ಅಡತ್ತಿ ಗ್ರಾಹಕರಿಗೆ: ಸೇವಾ ಶುಲ್ಕ ಜಾಸ್ತಿ ಆಗಿದ್ದು ಯಾಕೆ

ಮಾನ್ಯ ಗ್ರಾಹಕರೇ,

ಬರುವ ವರ್ಷದಿಂದ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಶುಲ್ಕ 1,200 ರೂಪಾಯಿ ಜಾಸ್ತಿ ಆಗುತ್ತಿದೆ. ನೀವು ಕೇಳಿದ ರಿಪೋರ್ಟ್‌ಗಳೂ ತಡವಾಗಿವೆ. ಕಾಯಿಸಿದ್ದಕ್ಕೆ ಕ್ಷಮೆ ಇರಲಿ. ಆದರೆ ನಾವು ಸುಮ್ನೆ ಕೂತಿರಲಿಲ್ಲ. ಜಾವಾಸ್ಕ್ರಿಪ್ಟ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿದ್ದ ಇಡೀ ಪ್ರೋಗ್ರಾಮನ್ನು ಟೈಪ್‌ಸ್ಕ್ರಿಪ್ಟ್‌ಗೆ ತಂದಿದ್ದೇವೆ. ಇದೂ ಅದೇ ಭಾಷೆ, ಆದರೆ ಯಾವ ಖಾನೆಯಲ್ಲಿ ಸಂಖ್ಯೆ, ಯಾವುದರಲ್ಲಿ ಅಕ್ಷರ ಅಂತ ಮೊದಲೇ ಬರೆದಿಡಬಹುದು. ಹಾಗೆ ಬರೆದಿಡುವುದಕ್ಕೇ "ಟೈಪ್" ಅನ್ನುತ್ತಾರೆ.

ಕಲಬುರಗಿಯ ನೆಹರು ಗಂಜ್‌ನಲ್ಲಿ ಎಲ್ಲಿ ಹೋದರೂ ಒಂದೇ ಮಾತು: "ಸ್ಕ್ರೀನ್ ಮೇಲೆ ಏನೂ ಬದಲಾಗಿಲ್ಲ, ದುಡ್ಡು ಯಾತಕ್ಕೆ?" ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಿಮ್ಮ ಮಕ್ಕಳು "ಟೈಪ್ ಗೀಪ್ ಬೇಡ, ಟೆಸ್ಟ್ ಬರೆದರೆ ಸಾಕು" ಅಂದರಂತೆ. ಟೆಸ್ಟ್ ಅಂದರೆ ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಪ್ರೋಗ್ರಾಮ್ ಸರಿ ಹೇಳುತ್ತದೆಯೇ ಅಂತ ನೋಡುವುದು. ಈ ಮಾತುಗಳಿಗೆ ಉತ್ತರ ಕೊಡಲೇಬೇಕು.

ಮುನೀಮರು ತೂಕದ ಖಾನೆಯಲ್ಲಿ 50 ಒತ್ತಿದರೆ ಬ್ರೌಸರ್ ಅದನ್ನು ಸಂಖ್ಯೆ ಅಂತ ಕೊಡುವುದಿಲ್ಲ, ಅಕ್ಷರ ಅಂತ ಕೊಡುತ್ತದೆ. ಅದಕ್ಕೆ 5 ಕೂಡಿಸಿದರೆ ಜಾವಾಸ್ಕ್ರಿಪ್ಟ್ 505 ಅನ್ನುತ್ತದೆ. 5 ಕಳೆದರೆ ಮಾತ್ರ ಸರಿಯಾಗಿ 45! ಎರಡಕ್ಕೂ ಅದರದು ತಕರಾರಿಲ್ಲ. ಟೆಸ್ಟ್ ಇದನ್ನು ಹಿಡಿಯುತ್ತದೆ ನಿಜ, ಆದರೆ ನಮಗೆ ಹೊಳೆದ ಲೆಕ್ಕವನ್ನಷ್ಟೇ. ಟೈಪ್‌ಸ್ಕ್ರಿಪ್ಟ್‌ನಲ್ಲಿ ತೂಕ ಅಂದರೆ ಸಂಖ್ಯೆ ಅಂತ ಒಮ್ಮೆ ಬರೆದಿಟ್ಟರೆ ಸಾಕು. ಅಲ್ಲಿಗೆ ಅಕ್ಷರ ತಂದು ಹಾಕಿದ ಸಾಲಿಗೆ ನಮ್ಮ ಆಫೀಸಿನಲ್ಲೇ ಕೆಂಪು ಗೆರೆ ಬೀಳುತ್ತದೆ. ನಿಮ್ಮ ಬಿಲ್‌ವರೆಗೆ ಬರುವುದೇ ಇಲ್ಲ.

ಮಕ್ಕಳ ಮಾತಿನಲ್ಲೂ ಹುರುಳಿದೆ. 2022ರ ಜುಲೈನಲ್ಲಿ 25 ಕಿಲೋವರೆಗಿನ ಲೇಬಲ್ ಇರುವ ಬೇಳೆ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂತಲ್ಲ, ಆಗ ಬೇಗ ಬದಲಾಯಿಸಿಕೊಟ್ಟದ್ದು ಹಳೇ ಭಾಷೆಯ ಸಲೀಸಿನಿಂದಲೇ. ದರವನ್ನೇ ತಪ್ಪು ಹಾಕಿದರೆ ಟೈಪ್‌ಗೆ ಗೊತ್ತಾಗುವುದಿಲ್ಲ. ಪ್ರೋಗ್ರಾಮ್ ಓಡುವಾಗ ಟೈಪ್‌ಗಳು ಉಳಿಯುವುದೂ ಇಲ್ಲ. ಅದಕ್ಕೇ ಕಾಟಾದಿಂದ ಬರುವ ತೂಕಕ್ಕೆ ಬೇರೆ ತಪಾಸಣೆ ಇಟ್ಟಿದ್ದೇವೆ, ಟೆಸ್ಟ್‌ಗಳನ್ನೂ ಬಿಟ್ಟಿಲ್ಲ.

"ಟೈಪ್‌ಸ್ಕ್ರಿಪ್ಟ್ ಪುಕ್ಕಟೆ ಅಲ್ವಾ?" ಅಂತಲೂ ಕೇಳಿದ್ದೀರಿ. ಹೌದು, ಮೈಕ್ರೋಸಾಫ್ಟ್ 2012ರಲ್ಲಿ ತಂದಾಗಿನಿಂದ ಪುಕ್ಕಟೆಯೇ. ಆದರೆ ಕೂತು ಬರೆಯುವವರಿಗೆ ಪಗಾರ ಕೊಡಬೇಕಲ್ಲ. ನಿಮ್ಮ ವ್ಯಾಪಾರ ಒಂದು ದಿನವೂ ನಿಲ್ಲಬಾರದು ಅಂತ ಒಂದೊಂದೇ ಫೈಲ್ ಬದಲಿಸಿದೆವು. ಅದಕ್ಕೆ ಹಿಡಿದ ಸಮಯ ಯಾರ ಕಣ್ಣಿಗೂ ಬೀಳುವುದಿಲ್ಲ. ಕಲಬುರಗಿಯಲ್ಲಿ ಕೆಲಸ ಕಲಿತ ಹುಡುಗರು ಹೈದರಾಬಾದ್, ಬೆಂಗಳೂರು ಅಂತ ಹೋಗುತ್ತಲೇ ಇರುತ್ತಾರೆ. ಅವರ ಜಾಗಕ್ಕೆ ಬಂದವರು ನಿಮ್ಮ ಹಮಾಲಿ, ದಲಾಲಿ ಲೆಕ್ಕ ಮುಟ್ಟುವಾಗ ಯಾವ ಖಾನೆಯಲ್ಲಿ ಏನಿರಬೇಕು ಅನ್ನುವುದು ಇನ್ನು ಕೋಡ್‌ನಲ್ಲೇ ಇರುತ್ತದೆ. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆ ಇದೆ.

ಹೊಸ ತೊಗರಿ ಬರುವ ಮೊದಲು ನಾವೇ ನಿಮ್ಮಲ್ಲಿಗೆ ಬರುತ್ತೇವೆ. ಹೋದ ವರ್ಷದ ಒಂದು ತಿಂಗಳ ಲೆಕ್ಕವನ್ನು ಹಳೆಯದರಲ್ಲೂ ಹೊಸದರಲ್ಲೂ ತೆಗೆದು, ಮುನೀಮರ ಮುಂದೆಯೇ ತಾಳೆ ನೋಡೋಣ. ಒಂದು ಪೈಸೆ ಫರಕು ಬಂದರೂ ಹೆಚ್ಚಿನ 1,200 ಕೊಡಬೇಡಿ.