ಸಿರಪ್ ಕುಡಿಸಿದ ಮೇಲೆ ನಾಲ್ಕು ಗುಟುಕು ನೀರು

ಪ್ರೀತಿಯ ಪೋಷಕರೇ,

ಈ ಪತ್ರ ಪರೀಕ್ಷೆಯ ಬಗ್ಗೆ ಅಲ್ಲ, ಮಕ್ಕಳ ಹಲ್ಲಿನ ಬಗ್ಗೆ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು, ಒಂದು ತುತ್ತು ಬಾಯಿಗಿಟ್ಟು, ಕೆನ್ನೆ ಹಿಡ್ಕೊಂಡು ಸುಮ್ನೆ ಕೂತುಬಿಡುವ ಮಕ್ಕಳು ನಮ್ಮ ಕಣ್ಣಿಗೆ ಬೀಳುತ್ತಾರೆ. ಮಧ್ಯಾಹ್ನದ ಪಾಠ ಅವರ ತಲೆಗೆ ಹತ್ತುವುದೇ ಇಲ್ಲ.

ಚಾಕೊಲೇಟ್ ಜಾಸ್ತಿ ತಿಂದಿರಬೇಕು ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ, ಅಲ್ವಾ? ಆದರೆ ಉಬ್ಬಸಕ್ಕೋ, ಫಿಟ್ಸ್‌ಗೋ, ಪದೇ ಪದೇ ಬರುವ ಕೆಮ್ಮಿಗೋ ತಿಂಗಳುಗಟ್ಟಲೆ ಸಿರಪ್ ಕುಡಿಯುವ ಮಕ್ಕಳಿಗೆ ಆ ಸಿರಪ್ಪೂ ಒಂದು ಕಾರಣ ಆಗಬಹುದು. ಕಹಿ ಗೊತ್ತಾಗದಿರಲಿ ಅಂತ ಎಷ್ಟೋ ಸಿರಪ್‌ಗಳಿಗೆ ಸಕ್ಕರೆ ಹಾಕಿರುತ್ತಾರೆ. ಜೊತೆಗೆ ಸಿಟ್ರಿಕ್ ಆಮ್ಲದಂಥ ಹುಳಿಯೂ ಇರುತ್ತದೆ. ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾ ಹುಳಿ ಮಾಡುತ್ತವೆ, ಸಿರಪ್ಪಿನ ಹುಳಿ ನೇರವಾಗಿ ಹಲ್ಲಿಗೇ ತಾಗುತ್ತದೆ. ಹುಳಿಯನ್ನು ಅಳೆಯುವ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮೆಲ್, ಕರಗಲು ಶುರುವಾಗುತ್ತದೆ. ಹಾಗಾಗಿ ಸಕ್ಕರೆ ಇಲ್ಲದ ಸಿರಪ್ ಹುಳುಕಿನ ಮಟ್ಟಿಗೆ ಒಳ್ಳೆಯದೇ, ಆದರೂ ಅದರಲ್ಲೂ ಹುಳಿ ಇರಬಹುದು.

ಹಾಲು ಹಲ್ಲಿನ ಎನಾಮೆಲ್ ದೊಡ್ಡವರ ಹಲ್ಲಿನದಕ್ಕಿಂತ ತುಂಬಾ ತೆಳು. ಹುಳುಕು ಬೇಗ ಒಳಗಿಳಿಯುತ್ತದೆ. "ಹೇಗಿದ್ದರೂ ಬಿದ್ದುಹೋಗುವ ಹಲ್ಲು ತಾನೇ" ಅನ್ನಬೇಡಿ, ದಯವಿಟ್ಟು. ಹಿಂದಿನ ಹಾಲು ದವಡೆ ಹಲ್ಲುಗಳು 10–12 ವರ್ಷದವರೆಗೂ ಇರುತ್ತವೆ. ಅಷ್ಟು ವರ್ಷ ಮಗು ಅವುಗಳಲ್ಲೇ ಅಗಿಯಬೇಕು, ಹೊಸ ಹಲ್ಲಿಗೆ ಜಾಗ ಕಾಯುವುದೂ ಅವೇ.

ಫಿಲ್ಲಿಂಗ್ ಮಾಡಿಸಿದ್ದೇವಲ್ಲ, ಇನ್ನೇನು ಭಯವಿಲ್ಲ ಅಂತಲೂ ಅಲ್ಲ. ಮಕ್ಕಳ ಹಲ್ಲಿಗೆ ಹೆಚ್ಚಾಗಿ ಹಾಕುವ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟಿನಂಥ ಫಿಲ್ಲಿಂಗ್ ಹುಳಿಗೆ ಮತ್ತೆ ಮತ್ತೆ ಸಿಕ್ಕರೆ ಸವೆಯುತ್ತದೆ, ಮೇಲ್ಮೈ ಒರಟಾಗುತ್ತದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಕೂಡ ಬಣ್ಣಗೆಡಬಹುದು. ಒರಟಾದ ಜಾಗದಲ್ಲಿ ಕೊಳೆ ಸುಲಭವಾಗಿ ಕೂರುತ್ತದೆ, ಆಮೇಲೆ ಫಿಲ್ಲಿಂಗ್ ಅಂಚಿನಲ್ಲೇ ಮತ್ತೆ ಹುಳುಕು.

ಇದನ್ನೆಲ್ಲ ಓದಿ ಯಾರೂ ಔಷಧಿ ನಿಲ್ಲಿಸಬೇಡಿ! ಡಾಕ್ಟರ್ ಹೇಳಿದಷ್ಟು ದಿನ, ಹೇಳಿದಷ್ಟು ಅಳತೆಯಲ್ಲಿ ಕೊಡಲೇಬೇಕು. ಬದಲಾಯಿಸಬೇಕಾದ್ದು ಕೊಡುವ ರೀತಿ ಮಾತ್ರ. ಎಲ್ಲಕ್ಕಿಂತ ಕೆಟ್ಟದ್ದು ಹಲ್ಲುಜ್ಜಿ ಮಲಗಿಸಿದ ಮೇಲೆ, ಅರೆನಿದ್ದೆಯಲ್ಲಿರುವ ಮಗುವಿಗೆ ಒಂದು ಚಮಚ ಕುಡಿಸಿ ಹಾಗೇ ಬಿಡುವುದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಅಂಟಿನಂಥ ಸಿರಪ್ ತುಂಬಾ ಹೊತ್ತು ಹಲ್ಲಿಗೇ ಹತ್ತಿಕೊಂಡಿರುತ್ತದೆ. ಊಟದ ಜೊತೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ, ಸಕ್ಕರೆ ಇಲ್ಲದ್ದು ಸಿಗುತ್ತಾ ಅಂತಲೂ ಕೇಳಿ. ಕೊಟ್ಟ ಕೂಡಲೇ ನಾಲ್ಕು ಗುಟುಕು ನೀರು ಕುಡಿಸಿ, ಮುಕ್ಕಳಿಸಲು ಬರುವವರು ಮುಕ್ಕಳಿಸಲಿ. ಆದರೆ ತಕ್ಷಣ ಬ್ರಷ್ ಮಾಡಿಸಬೇಡಿ, ಹುಳಿಯಿಂದ ಮೆತ್ತಗಾದ ಎನಾಮೆಲ್ ಉಜ್ಜಿದರೆ ಇನ್ನೂ ಸವೆಯುತ್ತದೆ. ಅರ್ಧ ಗಂಟೆಯಾದರೂ ಬಿಟ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿಸಿ, ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಔಷಧಿ ಕುಡಿದದ್ದಕ್ಕೆ ಮಿಠಾಯಿ ಕೊಡುವ ಅಭ್ಯಾಸವನ್ನೂ ಬಿಟ್ಟುಬಿಡಿ.

ಐರನ್ ಸಿರಪ್ಪಿನಿಂದ ಹಲ್ಲು ಕಪ್ಪಾದರೆ ಗಾಬರಿ ಬೇಡ, ಅದು ಮೇಲಿನ ಕಲೆ, ದಂತವೈದ್ಯರು ತೆಗೆಯುತ್ತಾರೆ. ಅವರ ಹತ್ತಿರ ಹೋದಾಗ ಮಗು ಯಾವ ಔಷಧಿ ಕುಡಿಯುತ್ತಿದೆ ಅಂತ ಮರೆಯದೆ ಹೇಳಿ.

ಶಾಲೆಯಲ್ಲಿ ಮಧ್ಯಾಹ್ನ ಔಷಧಿ ಕೊಡಬೇಕಾದ ಮಕ್ಕಳಿದ್ದರೆ ಡೈರಿಯಲ್ಲಿ ಔಷಧಿಯ ಹೆಸರು, ಅಳತೆ, ಹೊತ್ತು ಬರೆದು ಕಳಿಸಿ. ಊಟದ ಜೊತೆ ಕೊಟ್ಟು, ನೀರು ಕುಡಿಸಿ, ಬಾಯಿ ಮುಕ್ಕಳಿಸಿದ ಮೇಲೇ ಮಗುವನ್ನು ಆಟಕ್ಕೆ ಬಿಡುವ ಜವಾಬ್ದಾರಿ ನಮ್ಮದು.

ನಿಮ್ಮ,
ಮುಖ್ಯ ಶಿಕ್ಷಕಿ