ಹಿಂಬಾಗಿಲಿನ ಅಳತೆಯನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ದೊಡ್ಡ ಎಸ್‌ಯುವಿಗಳ ವಿಮರ್ಶೆ ಬಂದಾಗ ಎಂಜಿನ್, ಮೈಲೇಜ್, ಟಚ್‌ಸ್ಕ್ರೀನ್, ಸನ್‌ರೂಫ್ ಎಲ್ಲದರ ಬಗ್ಗೆಯೂ ವಿವರ ಇರುತ್ತದೆ. ಹಿಂಬಾಗಿಲಿಗೆ ಮಾತ್ರ ಒಂದೇ ಸಾಲು. ಬಟನ್ ಒತ್ತಿದರೆ ಡಿಕ್ಕಿ ತಾನಾಗಿ ತೆರೆಯುತ್ತದೆ, ಅಷ್ಟೇ. ತೆರೆದ ಬಾಗಿಲು ಎಷ್ಟು ಮೇಲೆ ಹೋಗುತ್ತದೆ, ಅದಕ್ಕೆ ಹಿಂದೆ ಎಷ್ಟು ಜಾಗ ಬೇಕು, ಕುಳ್ಳಗಿರುವವರ ಕೈಗೆ ಎಟುಕುತ್ತದಾ ಇಲ್ಲವಾ, ಇದನ್ನು ಯಾರೂ ಬರೆಯುವುದಿಲ್ಲ. ಗಾಡಿ ಮನೆಗೆ ಬಂದ ಮೇಲೆ ದಿನಾ ಮುಟ್ಟುವ ಭಾಗ ಅದೇ ಅಲ್ವಾ?

ನಾನು 152 ಸೆಂಟಿಮೀಟರ್ ಎತ್ತರದ ಹೆಂಗಸು. ಅಮ್ಮನಿಗೆ ನಡೆಯಲು ಆಗುವುದಿಲ್ಲ, ಹೊರಗೆ ಹೊರಟರೆ ವೀಲ್‌ಚೇರ್ ಬೇಕು. ನಮ್ಮದು ಮೂರು ಸಾಲು ಸೀಟಿನ ಗಾಡಿ. ಹಿಂದೆ ಒಂದೇ ದೊಡ್ಡ ಬಾಗಿಲು, ಮೇಲಕ್ಕೆ ಎದ್ದುಕೊಳ್ಳುವಂಥದ್ದು. ಮೋಟಾರ್ ಇಲ್ಲ. ಪೂರ್ತಿ ತೆರೆದಾಗ ಅದರ ಅಂಚು ನೆಲದಿಂದ 2 ಮೀಟರ್‌ಗೂ ಮೇಲಿರುತ್ತದೆ. ನಾನು ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಹಿಡಿಗೆ ಬೆರಳು ತಾಕುವುದು ಕಷ್ಟ. ಅದಕ್ಕೇ ಅಣ್ಣ ಒಳಗಿನ ಹಿಡಿಗೆ ಗಟ್ಟಿಯಾದ ಒಂದು ಪಟ್ಟಿ ಕಟ್ಟಿಕೊಟ್ಟಿದ್ದಾನೆ. ಅದನ್ನು ಜಗ್ಗಿ ಬಾಗಿಲು ಇಳಿಸುತ್ತೇನೆ. ಮನೆಯ ಪಾರ್ಕಿಂಗ್‌ನಲ್ಲಿ ತಲೆ ಮೇಲೆ ತೊಲೆ, ಹಿಂದೆ ಗೋಡೆ. ಗಾಡಿಯನ್ನು ಅರ್ಧ ಹೊರಗೆ ತರದೆ ಡಿಕ್ಕಿ ತೆರೆಯುವ ಹಾಗಿಲ್ಲ.

ಇನ್ನು ಚಳಿಗಾಲದ ಬೆಳಗ್ಗೆ ಬೇರೆಯದೇ ಪಾಡು. ಈ ಬಾಗಿಲನ್ನು ಎತ್ತಿ ಹಿಡಿಯುವುದು ಎರಡು ಬದಿಯ ಗ್ಯಾಸ್ ರಾಡ್‌ಗಳು. ಅವುಗಳೊಳಗೆ ಒತ್ತಡದಲ್ಲಿ ತುಂಬಿರುವುದು ನೈಟ್ರೋಜನ್. ಗಾಳಿ ತಣ್ಣಗಾದಂತೆ ಒತ್ತಡವೂ ಇಳಿಯುತ್ತದೆ. 30 ಡಿಗ್ರಿಯಿಂದ ಸೊನ್ನೆಗೆ ಬಂದರೆ ನೂರಕ್ಕೆ ಸುಮಾರು 10ರಷ್ಟು ಬಲ ಹೋಯಿತು ಎಂದೇ ಲೆಕ್ಕ. ಹೊಸ ರಾಡ್ ಇದನ್ನು ತಡೆದುಕೊಳ್ಳುತ್ತದೆ. ವರ್ಷಗಳು ಕಳೆದು ಸೀಲ್ ಸವೆದ ರಾಡ್ ತಡೆಯುವುದಿಲ್ಲ. ನಾನು ಬಗ್ಗಿ ವೀಲ್‌ಚೇರ್ ಒಳಗಿಡುತ್ತಿರುವಾಗಲೇ ಬಾಗಿಲು ನಿಧಾನವಾಗಿ ಬೆನ್ನ ಮೇಲೆ ಇಳಿಯುತ್ತದೆ. ರಾಡ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಆದರೆ ಬದಲಿಸುವ ಕಾಲ ಬಂತು ಅಂತ ಗೊತ್ತಾಗುವುದೇ ಬಾಗಿಲು ಇಳಿಯಲು ಶುರುವಾದ ಮೇಲೆ.

ನನ್ನ ಗೆಳತಿಯ ಮನೆಯಲ್ಲಿ ಹಳೇ ಗಾಡಿಯೊಂದಿದೆ. ಅದಕ್ಕೆ ಬೀರುವಿನ ಹಾಗೆ ಎಡಕ್ಕೊಂದು ಬಲಕ್ಕೊಂದು ಜೋಡಿ ಬಾಗಿಲು. ಅಮ್ಮನನ್ನು ಅದರಲ್ಲಿ ಕರೆದುಕೊಂಡು ಹೋದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಹಿಡಿ ನನ್ನ ಸೊಂಟದ ಎತ್ತರದಲ್ಲೇ ಇತ್ತು. ಒಂದು ಬಾಗಿಲು ತೆರೆದು ಚೀಲ ತೆಗೆದುಕೊಂಡೆ, ಇನ್ನೊಂದು ಮುಚ್ಚಿಯೇ ಇತ್ತು. ಅದಕ್ಕೆ ಒರಗಿಸಿಟ್ಟ ಸಾಮಾನು ಜಾರಿ ಕೆಳಗೆ ಬೀಳಲಿಲ್ಲ. ವೀಲ್‌ಚೇರ್ ಇಡುವಾಗ ಎರಡನ್ನೂ ತೆರೆದು ನೇರವಾಗಿ ಬಂಪರ್‌ಗೆ ತಾಗುವಂತೆ ನಿಂತೆ. ಮಡಚಿದ ಕುರ್ಚಿಯ ಮುಂದಿನ ಗಾಲಿಯನ್ನು ಅಂಚಿಗೆ ಒರಗಿಸಿ ಒಳಗೆ ತಳ್ಳಿದರೆ ಆಯಿತು. ಎತ್ತಿ ಹಾಕುವ ಮಾತೇ ಇಲ್ಲ. ಸ್ಟೀಲ್ ಕುರ್ಚಿ ಹದಿನೈದು ಕಿಲೋಗೂ ಜಾಸ್ತಿ ತೂಗುತ್ತದೆ. ಅದನ್ನು ಎತ್ತುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಜಾಗದ ಲೆಕ್ಕವೂ ಇದರಲ್ಲಿ ಸಲೀಸು. 2 ಮೀಟರ್ ಅಗಲದ ಗಾಡಿಯಲ್ಲಿ ಒಂದೊಂದು ಬಾಗಿಲು ಮುಕ್ಕಾಲು ಮೀಟರ್ ಆಸುಪಾಸು ಇರುತ್ತದೆ. ಗೋಡೆ ಹತ್ತಿರವಿದ್ದರೆ ಒಂದನ್ನಾದರೂ ತೆರೆಯಬಹುದು. ಅದೇ ಅಗಲದ ಒಂಟಿ ಬಾಗಿಲು ಪಕ್ಕಕ್ಕೆ ತೆರೆಯುವಂಥದ್ದಾದರೆ ಹಿಂದೆ ಅದರ ಎರಡರಷ್ಟು ಜಾಗ ಬೇಕು. ಜೊತೆಗೆ ಸ್ಟೆಪ್ನಿ ಅದರ ಮೇಲೇ ಕೂತಿದ್ದರೆ ಭಾರ ಬೇರೆ. ಇಳಿಜಾರಿನಲ್ಲಿ ಅಂಥ ಬಾಗಿಲನ್ನು ತಡೆದು ನಿಲ್ಲಿಸುವ ಕೊಕ್ಕೆ ಸರಿಯಿಲ್ಲದಿದ್ದರೆ ಅದು ತಾನಾಗಿ ಬೀಸಿ ಬಡಿಯುತ್ತದೆ. ಒಂಟಿ ಬಾಗಿಲಿನಲ್ಲಿ ಕೀಲು ಯಾವ ಕಡೆಗಿದೆ ಅನ್ನುವುದನ್ನೂ ನೋಡಬೇಕು. ಟೊಯೋಟಾ ರಾವ್4ಗೆ 2012ರವರೆಗೂ ಇಂಥ ಬಾಗಿಲೇ ಇತ್ತು, ಕೀಲು ಬಲಕ್ಕೆ. ರಸ್ತೆಯ ಎಡಗಡೆ ಓಡಿಸುವ ಕಡೆ ಇದು ಸರಿ. ಗಾಡಿ ಎಡಕ್ಕೆ ನಿಲ್ಲುತ್ತದೆ, ಫುಟ್‌ಪಾತ್ ಮೇಲೆ ನಿಂತೇ ಸಾಮಾನು ತುಂಬಬಹುದು. ಬಲಗಡೆ ಓಡಿಸುವ ಅಮೆರಿಕದಲ್ಲಿ ಅದೇ ಬಾಗಿಲು ಫುಟ್‌ಪಾತಿಗೆ ಅಡ್ಡ ನಿಲ್ಲುತ್ತಿತ್ತು. ಸಾಮಾನು ಹಿಡಿದವರು ಸುತ್ತಿ ರಸ್ತೆಗೇ ಇಳಿಯಬೇಕಿತ್ತು. 2013ರ ಮಾದರಿಗೆ ಮೇಲೇಳುವ ಬಾಗಿಲು ಬಂತು.

ಜೋಡಿ ಬಾಗಿಲಿನ ಮೇಲಿರುವ ದೂರು ನನಗೆ ಗೊತ್ತು. ಎರಡೂ ಸೇರುವ ಕಡೆ ಮೇಲಿಂದ ಕೆಳಗೆ ಒಂದು ಪಟ್ಟಿ ಇರುತ್ತದೆ. ಒಳಗಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯ ಸರಿಯಾಗಿ ನಡುವೆ ಅದೇ ಕಾಣುತ್ತದೆ. ಹಿಂದೆ ಬರುತ್ತಿರುವ ಬೈಕ್ ಒಂದು ಕ್ಷಣ ಮರೆಯಾಗಿಬಿಡಬಹುದು. ಇದು ಸುಳ್ಳಲ್ಲ. ಆದರೆ ಈಗ ಬಹಳಷ್ಟು ಹೊಸ ಗಾಡಿಗಳಿಗೆ ರಿವರ್ಸ್ ಕ್ಯಾಮೆರಾ ಬರುತ್ತಿದೆ. ಅಮೆರಿಕದಲ್ಲಂತೂ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಒಳಗಿನ ಕನ್ನಡಿಯಲ್ಲೇ ಕ್ಯಾಮೆರಾದ ಚಿತ್ರ ತೋರಿಸುವ ಗಾಡಿಗಳೂ ಇವೆ. ಜೋಡಿ ಬಾಗಿಲನ್ನು ಬೇಡ ಎನ್ನಲು ಇದ್ದ ದೊಡ್ಡ ಕಾರಣ ಬಹುಮಟ್ಟಿಗೆ ಕರಗಿದೆ. ಬಾಗಿಲು ಮಾತ್ರ ಮರಳಿ ಬರಲಿಲ್ಲ.

ಹಿಂದೆ ಇದು ಕೊಳ್ಳುವವರ ಆಯ್ಕೆಯಾಗಿತ್ತು. ಅಮೆರಿಕದ ದೊಡ್ಡ ಎಸ್‌ಯುವಿ ಷೆವರ್ಲೆ ಸಬರ್ಬನ್ ಅನ್ನು 1990ರ ದಶಕದಲ್ಲಿ ಕೊಳ್ಳಲು ಹೋದವರು ಜೋಡಿ ಬಾಗಿಲು ಬೇಕಾ, ಕೆಳಗೆ ಬೀಳುವ ಹಲಗೆ ಮತ್ತು ಮೇಲೇಳುವ ಗಾಜು ಬೇಕಾ ಅಂತ ಆರಿಸಿಕೊಳ್ಳಬಹುದಿತ್ತು. ಗಾಡಿ ಅದೇ, ಬಾಗಿಲು ಮಾತ್ರ ಬೇರೆ. 2000ದ ಮಾದರಿಯಾಗಿ ಬಂದ ಫೋರ್ಡ್ ಎಕ್ಸ್‌ಕರ್ಷನ್ ಎರಡನ್ನೂ ಸೇರಿಸಿತ್ತು. ಗಾಜು ಮೇಲಕ್ಕೆ ಏಳುತ್ತಿತ್ತು, ಅದರ ಕೆಳಗೆ ಪುಟ್ಟ ಜೋಡಿ ಬಾಗಿಲು. ಇಂಥ ಬುದ್ಧಿವಂತ ಕೆಲಸ ಮುಂದುವರಿಯದೇ ಹೋದದ್ದು ನನಗೆ ಬೇಸರದ ಸಂಗತಿ. ಟೊಯೋಟಾ ಲ್ಯಾಂಡ್ ಕ್ರೂಸರ್ ಕೂಡ 2021ರಲ್ಲಿ 300 ಸರಣಿ ಬಂದಾಗ ಮೇಲೆ-ಕೆಳಗೆ ತೆರೆಯುವ ಎರಡು ತುಂಡಿನ ಬಾಗಿಲು ಬಿಟ್ಟು ಒಂದೇ ಬಾಗಿಲಿಗೆ ಬಂತು. ಆದರೆ ರೇಂಜ್ ರೋವರ್ 1970ರಿಂದಲೂ ಎರಡು ತುಂಡನ್ನು ಉಳಿಸಿಕೊಂಡಿದೆ.

ಆ ಎರಡು ತುಂಡಿನ ಬಾಗಿಲನ್ನು ಮೆಚ್ಚುವವರು ನನ್ನ ಅಣ್ಣನಂಥವರು. ಕೆಳಗಿನ ಹಲಗೆಯ ಮೇಲೆ ಕೂತು ಶೂ ಬದಲಿಸಬಹುದು, ಮೇಲಿನ ಭಾಗ ಮಳೆಗೆ ಸೂರಾಗುತ್ತದೆ. ಗಾಜನ್ನಷ್ಟೇ ಎತ್ತಿದರೆ ಒಳಗಿನ ಚೀಲ ಹೊರಗೆ ಉರುಳುವುದಿಲ್ಲ. ನನಗೆ ಅದು ಆಗದು. ಹಲಗೆ ಕೆಳಗೆ ಬಿದ್ದ ಮೇಲೆ ನಾನು ಅದರ ಆಚೆ ನಿಂತು, ಬಗ್ಗಿ, ತೋಳು ಚಾಚಿ ವೀಲ್‌ಚೇರ್ ಒಳಗೆ ಹಾಕಬೇಕು. ಬೆನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಮೋಟಾರ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಅಣ್ಣನ ಗಾಡಿಗೆ ಮೋಟಾರ್ ಇದೆ, ಬಾಗಿಲು ಎಷ್ಟು ಎತ್ತರಕ್ಕೆ ನಿಲ್ಲಬೇಕು ಅಂತ ಹೊಂದಿಸಲೂ ಬರುತ್ತದೆ. ನನಗೆ ಬೇಕಾದ ಎತ್ತರಕ್ಕೆ ಹೊಂದಿಸಿದರೆ ಅಂಚು ಸರಿಯಾಗಿ ಅಣ್ಣನ ಹಣೆಗೆ ಬರುತ್ತದೆ. ಬ್ಯಾಟರಿ ಸತ್ತರೆ ಲಾಕ್ ಬಿಡುವುದಿಲ್ಲ. ಒಳಗಿನಿಂದ ತೆರೆಯಲು ಕೆಲವು ಗಾಡಿಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಒಂದು ಚಿಕ್ಕ ಲಿವರ್ ಇಟ್ಟಿರುತ್ತಾರೆ. ಕೊನೆಯ ಸೀಟಿನ ಹಿಂದಕ್ಕೆ ತೆವಳಿ ಅದನ್ನು ಹುಡುಕಬೇಕು. ಗಾಡಿ ಕೊಳ್ಳುವ ದಿನವೇ ಅದನ್ನು ಕೇಳಿ ನೋಡಿಕೊಳ್ಳುವುದು ಒಳ್ಳೆಯದು.

ಸುರಕ್ಷತೆಯ ಎರಡು ಮಾತು ಹೇಳದೆ ಬಿಡಲಾರೆ. ಒಂದು, ಉದ್ದದ ಏಣಿಯನ್ನೋ ಪೈಪನ್ನೋ ಹಾಕಿ, ಹಿಂಬಾಗಿಲನ್ನು ಹಗ್ಗದಲ್ಲಿ ಅರ್ಧ ಕಟ್ಟಿಕೊಂಡು ಓಡಿಸುವವರನ್ನು ನೋಡುತ್ತಿರುತ್ತೇನೆ. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳೋ ವಯಸ್ಸಾದವರೋ ಮಂಕಾಗಿ ಕೂತರೆ ನಿದ್ದೆ ಅಂದುಕೊಳ್ಳುತ್ತೇವೆ. ಯಾವ ಬಗೆಯ ಬಾಗಿಲಾದರೂ ಸರಿ, ತೆರೆದಿಟ್ಟು ಓಡಿಸಬೇಡಿ.

ಇನ್ನೊಂದು, ರಾತ್ರಿ ರಸ್ತೆ ಬದಿ ಡಿಕ್ಕಿ ತೆರೆದಾಗ ಹಿಂದಿನ ಕೆಂಪು ದೀಪಗಳು ಕಾಣುತ್ತವೆಯೇ? ದೀಪ ಬಾಗಿಲಿನಲ್ಲೇ ಇದ್ದರೆ ಅದೂ ಮೇಲಕ್ಕೆ ಹೋಗಿ ಆಕಾಶ ನೋಡುತ್ತದೆ. ಆಡಿ ಕ್ಯೂ7ನಲ್ಲಿ ಇದಕ್ಕಾಗಿಯೇ ಬಂಪರ್‌ನಲ್ಲಿ ಬೇರೆ ದೀಪ ಇಟ್ಟಿದ್ದಾರೆ. ಕತ್ತಲಲ್ಲಿ ಸ್ಟೆಪ್ನಿ ತೆಗೆಯುತ್ತಿರುವಾಗ, ನನ್ನ ಹಾಗೆ ವೀಲ್‌ಚೇರ್ ಇಳಿಸುತ್ತಿರುವಾಗ, ಹಿಂದಿನಿಂದ ಬರುವ ಲಾರಿ ಚಾಲಕನಿಗೆ ನಾವು ಕಾಣುವುದು ಆ ದೀಪದಿಂದಲೇ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಇನ್ನು ಮುಂದೆ ದೊಡ್ಡ ಗಾಡಿಯ ವಿಮರ್ಶೆ ಬರೆಸುವಾಗ ದಯವಿಟ್ಟು ಒಂದು ಟೇಪ್ ಕೊಟ್ಟು ಕಳಿಸಿ. ಬಾಗಿಲು ಪೂರ್ತಿ ತೆರೆದಾಗ ಅಂಚಿನ ಎತ್ತರ, ತೆರೆಯಲು ಹಿಂದೆ ಬೇಕಾದ ಜಾಗ, ಸಾಮಾನು ಇಡುವ ಅಂಚು ನೆಲದಿಂದ ಎಷ್ಟು ಮೇಲಿದೆ, ತೆರೆದಾಗ ದೀಪ ಕಾಣುತ್ತದೆಯೇ, ಇಷ್ಟು ಅಚ್ಚಾಗಲಿ. ಬಾಗಿಲನ್ನು ತೆರೆದು ಮುಚ್ಚಿ ನೋಡುವ ಕೆಲಸವನ್ನು ನಿಮ್ಮ ಕಚೇರಿಯ ಅತಿ ಕುಳ್ಳಗಿನವರಿಗೆ ಕೊಡಿ. ಅಳತೆಗಳು ಪತ್ರಿಕೆಯಲ್ಲಿ ಬರತೊಡಗಿದರೆ ಕೊಳ್ಳುವವರು ಕೇಳುತ್ತಾರೆ. ಕೊಳ್ಳುವವರು ಕೇಳಿದರೆ ಕಂಪನಿಗಳು ಜೋಡಿ ಬಾಗಿಲಿನ ಆಯ್ಕೆಯನ್ನು ಮತ್ತೆ ಯೋಚಿಸಬಹುದು.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು